ಕಾಂಪೌಂಡರ್ ಸೊಂಟಕ್ಕೆ ಕಟ್ಟುತ್ತಿದ್ದ ಪ್ಯಾಡು

ನಮ್ಮ ಕಾಂಪೌಂಡರ ಸೊಂಟ ನೋವಿನ ಸುದ್ದಿ ಸುತ್ತಲಿನ ಏಳೆಂಟು ಹಳ್ಳಿಗಳಿಗೂ ಗೊತ್ತಿತ್ತು. ಎಮ್ಮೆ, ಹಸುಗಳ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿದ ಕರುಗಳನ್ನು ವರ್ಷಗಟ್ಟಲೆ ಎಳೆದೂ ಎಳೆದೂ ಬಂದ ನೋವು ಅದು. ಹಳ್ಳಿಗೆ ಹೋದರೆ ಜನ ಮೊದಲು "ಸೊಂಟ ಹೆಂಗೈತ್ರಿ?" ಎಂದು ಕೇಳಿ ಆಮೇಲೆ ತಮ್ಮ ಎಮ್ಮೆಯ ಮಾತು ತೆಗೆಯುತ್ತಿದ್ದರು. "ಸೊಂಟ ನಂದು, ಎಮ್ಮಿ ನಿಂದು. ಮೊದ್ಲು ನಿಂದು ಹೇಳು" ಎನ್ನುತ್ತ ಅವರು ಹೆಗಲ ಮೇಲಿನ ಟವೆಲನ್ನು ನಡುವಿಗೆ ಬಿಗಿದು ಕೊಟ್ಟಿಗೆಯೊಳಗೆ ಬಗ್ಗುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರೆಂದು ಫೋನ್ ಬಂತು. ಅತ್ತುಬಿಟ್ಟೆ. ಐವತ್ತು ದಾಟಿದ ಡಾಕ್ಟರು ಒಬ್ಬ ಕಾಂಪೌಂಡರಿಗಾಗಿ ಅತ್ತಳೆಂದು ನಗುವವರು ನಗಲಿ. ನನಗೆ ಪಾಠ ಹೇಳಿದ ಪ್ರೊಫೆಸರುಗಳು ಬೇರೆ ಇದ್ದಾರೆ, ಕೆಲಸ ಕಲಿಸಿದವರು ಇವರು. ಹೆಸರು ಬರೆಯುವುದಿಲ್ಲ. ಔಷಧದ ಪುಸ್ತಕದಲ್ಲಿ ರುಜು ಹಾಕುವಾಗಲೂ ಯಾರಿಗೂ ಓದಲು ಬಾರದ ಹಾಗೆ ಗೀಚುತ್ತಿದ್ದ ಮನುಷ್ಯ. ಅಚ್ಚಿನಲ್ಲಿ ಹೆಸರು ಕಂಡರೆ ಸ್ವರ್ಗದಿಂದಲೇ ಮುಖ ಗಂಟಿಕ್ಕುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪಶು ಆಸ್ಪತ್ರೆಗೆ ನಾನು ಡಾಕ್ಟರಾಗಿ ಬಂದೆ. ದಾವಣಗೆರೆಯ ಹುಡುಗಿ, ವಯಸ್ಸು ಇಪ್ಪತ್ತೈದು, ತಲೆಯ ತುಂಬ ಪುಸ್ತಕ. ಮೊದಲ ದಿನ ಅವರು ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದರು.

"ಮೇಡಂ, ಇವು ಕಾಲೇಜಿನ ಚಪ್ಪಲ್ರಿ. ಸಗಣ್ಯಾಗ ಜಾರತಾವ. ಸಂತಿ ದಿನ ಟೈರಿನ ಚಪ್ಪಲಿ ಬರತಾವ, ನಾ ತರತೀನಿ."

ತಂದರು. ಅಳತೆ ಸರಿಯಾಗಿತ್ತು. ಹೇಗೆ ಗೊತ್ತಾಯಿತು ಎಂದರೆ, "ಅಂಗಳದ ಮಣ್ಣಿನ್ಯಾಗ ನಿಮ್ಮ ಹೆಜ್ಜಿ ಬಿದ್ದಿತ್ತಲ್ರಿ, ದಾರ ಹಿಡದು ಅಳತಿ ತಗೊಂಡೆ" ಎಂದರು.

ಇಂಥವೇ ಅವರ ಅಳತೆಗಳು. ಜ್ವರವನ್ನು ಕಿವಿಯ ಬುಡ ಮುಟ್ಟಿ ಹೇಳುತ್ತಿದ್ದರು, ನಾನು ಥರ್ಮಾಮೀಟರ್ ಇಟ್ಟು ನೋಡಿದರೆ ಅಷ್ಟೇ ಇರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಬ್ಬ ರೈತ ಎತ್ತು ಮೇಯುತ್ತಿಲ್ಲ, ಸೂಜಿ ಹಾಕಲೇಬೇಕು ಎಂದು ಹಟ ಹಿಡಿದ. ಇವರು ಎತ್ತಿನ ಬಾಯಿ ಬಿಡಿಸಿ, ದವಡೆಗೆ ಸಿಕ್ಕಿದ್ದ ಜಾಲಿಮುಳ್ಳು ತೆಗೆದು ಅವನ ಅಂಗೈಯಲ್ಲಿಟ್ಟರು. "ತಗೋ ನಿನ್ನ ಸೂಜಿ. ಎತ್ತು ಆಗಲೇ ಹಾಕ್ಕೊಂಡಿತ್ತು."

ಮನೆತನ ಕಟ್ಟಾ ಶೈವ. ಕೊರಳಲ್ಲಿ ಲಿಂಗ, ಎರಡು ಹೊತ್ತು ಪೂಜೆ. ಮೊಟ್ಟೆಯ ವಾಸನೆ ಬಂದರೆ ಹೊಟೇಲಿನಿಂದ ಎದ್ದು ಬರುವವರು. ಆದರೆ ಆ ಸೀಮೆಯಲ್ಲಿ ಕೋಳಿಯ ವಿಷಯ ಅವರಷ್ಟು ಬಲ್ಲವರಿರಲಿಲ್ಲ. "ತಿನ್ನಾವರಿಗೆ ಕೋಳಿ ತಾಟಿನ್ಯಾಗ ಕಾಣತೈತ್ರಿ. ನನಗ ತಾಟಿನ್ಯಾಗ ಇಲ್ಲ, ಹಂಗಾಗಿ ಅಂಗಳದಾಗ ಕಾಣತೈತಿ" ಎನ್ನುತ್ತಿದ್ದರು.

ಆ ವರ್ಷ ಮಹಿಳಾ ಸಂಘಗಳಿಗೆ ಒಂದು ದಿನದ ಕೋಳಿಮರಿಗಳನ್ನು ಕೊಡುವ ಯೋಜನೆ ಬಂತು. ನಮ್ಮ ಪಾಲಿಗೆ ಬಂದ ಹಳ್ಳಿಯಲ್ಲಿ ಸಂಘದ ಮುಂದಾಳು ಹನುಮಕ್ಕ. ಕುರಿ ಸಾಕುವ ಮನೆಯವಳು, ನಲವತ್ತರ ಆಸುಪಾಸು, ಎತ್ತರದ ಆಳು. ಓದು ಬಾರದು. ಆದರೆ ಊರಿನಲ್ಲಿ ಯಾವ ಕುರಿಗೆ ಈಯಲು ಕಷ್ಟವಾದರೂ ಮೊದಲು ಅವಳನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಚೆನ್ನಾಗಿದೆ, ಮುಟ್ಟಿದ ಮರಿ ಬದುಕುತ್ತದೆ ಎಂಬ ಮಾತಿತ್ತು. ಅವಳಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಎರಡು ಕೈಗಳದ್ದು.

ಐವತ್ತು ಮರಿಗಳನ್ನು ಅವಳ ಮನೆಯಲ್ಲೇ ಇಡುವುದೆಂದಾಯಿತು. ಕಾಂಪೌಂಡರ್ ಆ ವಾರ ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದರು. ಇನ್ನೇನು, ನನ್ನದೇ ದರ್ಬಾರು. ತಾಯಿಯಿಲ್ಲದ ಮರಿಗಳಿಗೆ ಕಾವು ಕೊಡುವ ಗೂಡಿಗೆ ಬ್ರೂಡರ್ ಎನ್ನುತ್ತಾರೆ. ಪುಸ್ತಕದಲ್ಲಿದ್ದಂತೆ ದೊಡ್ಡ ಬಿದಿರಿನ ಪುಟ್ಟಿ ಬೋರಲು ಹಾಕಿ, ಒಳಗೆ ಎರಡು ದೊಡ್ಡ ಬಲ್ಬು ಇಳಿಬಿಟ್ಟು, ಸುತ್ತ ತಗಡು ನಿಲ್ಲಿಸಿದೆ. ಚಳಿಗಾಲ. ಸಂಜೆ ಇನ್ನೊಮ್ಮೆ ನೋಡಲು ಹೋದಾಗ ಹನುಮಕ್ಕ ಪುಟ್ಟಿಯ ಮೇಲೂ ತಗಡಿನ ಸುತ್ತಲೂ ಮನೆಯ ಎರಡು ಕರಿ ಕಂಬಳಿ ಹೊದಿಸಿ, ಅಂಚುಗಳನ್ನು ಕಲ್ಲಿಟ್ಟು ಒತ್ತಿದ್ದಳು. ಕುರಿ ಸಾಕುವವರ ಮನೆಯಲ್ಲಿ ಚಳಿಯಲ್ಲಿ ಹುಟ್ಟಿದ ಕುರಿಮರಿಯನ್ನು ಕಂಬಳಿಯಲ್ಲಿ ಸುತ್ತುವುದು ರೂಢಿ. ಹಾಗೆ ಬದುಕಿಸಿದ ಮರಿಗಳಿಗೆ ಲೆಕ್ಕವಿಲ್ಲ.

"ಹಿಂಗ ಮಾಡೀನ್ರಿ ಡಾಕ್ಟ್ರಮ್ಮ, ಸರಿ ಐತೇನ್ರಿ?" ಎಂದು ಕೇಳಿದಳು.

"ಬಾಳ ಚೆನ್ನಾಗೈತೆ" ಎಂದೆ. ಹಾಗೆ ಅಂದದ್ದು ನಾನೇ.

ಬೆಳಿಗ್ಗೆ ಕಂಬಳಿ ತೆಗೆದಾಗ ಐದೋ ಆರೋ ಉಳಿದಿದ್ದವು. ಸಂಘದ ಹೆಂಗಸರೆಲ್ಲ ನೆರೆದಿದ್ದರು. ರಾತ್ರಿ ಸ್ವಲ್ಪ ಹೊತ್ತು ಕರೆಂಟು ಹೋಗಿತ್ತೆಂದು ಯಾರೋ ಅಂದದ್ದೇ ತಡ, ನನಗೆ ಕಾರಣ ಸಿಕ್ಕಿತು. ಮರಿಗಳು ಚಳಿಗೆ ಸತ್ತಿವೆ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ನೀನು ನಿದ್ದೆ ಮಾಡ್ಬಿಟ್ಟಿದ್ದೀಯ ಹನುಮಕ್ಕ. ಕರೆಂಟು ಹೋದ್ರೆ ಬಿಸಿನೀರಿನ ಕೊಡ ಇಡು ಅಂತ ಹೇಳಿರಲಿಲ್ವ? ಇಷ್ಟು ಜೀವ ನಿನ್ನ ಕೈಯಲ್ಲಿ ಹೋಯ್ತು" ಎಂದೆ.

"ಕೊಡ ಇಟ್ಟಿದ್ನಿರಿ. ಕಣ್ಣು ಮುಚ್ಚಿಲ್ರಿ ನಾನು" ಎಂದಳು ಹನುಮಕ್ಕ. "ಸದ್ದಿರಲಿಲ್ಲ. ಬೆಚ್ಚಗ ಮಲಗ್ಯಾವ ಅನ್ಕೊಂಡೆ." ಅಷ್ಟೇ. ಬಗ್ಗಿ ಕಂಬಳಿ ಮಡಚತೊಡಗಿದಳು.

ಮಧ್ಯಾಹ್ನ ಸುದ್ದಿ ಕೇಳಿ ಕಾಂಪೌಂಡರ್ ಸೊಂಟ ಹಿಡಿದುಕೊಂಡೇ ಆಸ್ಪತ್ರೆಗೆ ಬಂದರು. ನನ್ನ ಲೂನಾದ ಹಿಂದೆ ಕುಳಿತು ಹಳ್ಳಿಗೆ ಬಂದು, ಇನ್ನೂ ಎತ್ತದೆ ಇದ್ದ ಮರಿಗಳನ್ನು ನೋಡಿದರು. ರೆಕ್ಕೆ ಬಿಡಿಸಿದರು, ಕೊಕ್ಕು ನೋಡಿದರು, ಕಂಬಳಿ ಮುಟ್ಟಿದರು. ಹನುಮಕ್ಕನ ಕೂಡ ಒಂದು ಗಳಿಗೆ ಮಾತಾಡಿ ಬಂದರು. ವಾಪಸು ಬರುವಾಗ ಊರು ದಾಟಿದ ಮೇಲೆ ಗಾಡಿ ನಿಲ್ಲಿಸಲು ಹೇಳಿದರು. ಅವರ ಸೊಂಟಕ್ಕೆ ಕುಲುಕು ತಡೆಯಲಾಗಲಿಲ್ಲ ಎಂದುಕೊಂಡೆ.

"ಮೇಡಂ, ಛಳಿಗೆ ಸತ್ತ ಮರಿ ನಡುವ ಒಂದರ ಮ್ಯಾಲೊಂದು ಬಿದ್ದಿರತಾವ. ಇವು ತಗಡಿಗೆ ಹತ್ತಿ, ರೆಕ್ಕಿ ಬಿಚ್ಚಿ, ಬಾಯಿ ತಕ್ಕೊಂಡು ಬಿದ್ದಾವ. ಇವು ಛಳಿಗೆ ಸತ್ತಿಲ್ರಿ. ಝಳಕ್ಕ ಸತ್ತಾವ. ಅಲ್ಲಿಂದ ಓಡಿಹೋಗಾಕ ಒಂದೀಟು ತಂಪು ಜಾಗ ಅವಕ್ಕ ಸಿಕ್ಕಿಲ್ಲ."

ಎರಡು ಬಲ್ಬು, ಅದರ ಮೇಲೆ ಎರಡು ಕಂಬಳಿ.

"ಕಂಬಳಿ ನೀವು ಸಂಜಿಕೆ ನೋಡಿದ್ರಂತಲ್ಲ."

"ಹನುಮಕ್ಕ ಹೇಳಿದ್ಲ?"

"ನಾನು ಕೇಳಿದ್ದಕ್ಕ ಹೇಳ್ಯಾಳ. ಮಂದಿ ಮುಂದ ಬಾಯಿ ಬಿಟ್ಟಿಲ್ಲ. ಹೊಸದಾಗಿ ಬಂದ ಹೆಣ್ಣುಮಗಳು, ನಾಕು ಮಂದ್ಯಾಗ ಆಕಿ ಮಾತು ಯಾಕ ಕಳೀಲಿ ಅಂದ್ಲು."

ಹೋಗಿ ತಪ್ಪೊಪ್ಪಿಕೊಳ್ಳಿ ಎಂದಿದ್ದರೆ ನಾನು ಜಗಳ ಮಾಡುತ್ತಿದ್ದೆ, ಅದಕ್ಕೆ ತಯಾರಾಗಿಯೇ ಇದ್ದೆ. ಅವರು ಲೂನಾ ಹತ್ತಿ "ನಡೀರಿ" ಎಂದರು. ಹದಿನೈದು ದಿನ ನಾನು ಆ ಹಳ್ಳಿಯ ಕಡೆ ತಲೆ ಹಾಕಲಿಲ್ಲ. ಕೆಲಸ ಬಹಳ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಹದಿನೈದನೆಯ ದಿನ ಆ ಊರಿನ ಕುರಿಗಾರನೊಬ್ಬ ಈಯಲಾರದೆ ಒದ್ದಾಡುತ್ತಿದ್ದ ಕುರಿಯನ್ನು ಟೆಂಪೋದಲ್ಲಿ ಹೇರಿಕೊಂಡು ಆಸ್ಪತ್ರೆಗೆ ಬಂದ. ಕುರಿ ಬದುಕಿತು, ಮರಿ ಬದುಕಲಿಲ್ಲ. ತಡವಾಗಿತ್ತು.

"ಊರಾಗ ಹನುಮಕ್ಕನ್ನ ಇಟ್ಕೊಂಡು ಇಲ್ಲೀತನ ಯಾಕ ತಂದಿ?" ಎಂದರು ಕಾಂಪೌಂಡರ್.

"ಆಕಿ ಕೈ ಈಗ ಚೊಲೊ ಇಲ್ಲ ಅಂತಾರ್ರಿ. ಯಾರೂ ಕರೆಯವಲ್ರು. ಈ ಡಾಕ್ಟ್ರಮ್ಮನೇ ಹೇಳ್ಯಾರಂತಲ್ಲ, ಅಷ್ಟು ಜೀವ ಆಕಿ ಕೈಯಾಗ ಹೋತು ಅಂತ."

ಅವನು ಹೋದ ಮೇಲೆ ಕಾಂಪೌಂಡರ್ ಬಹಳ ಹೊತ್ತು ಕೈ ತೊಳೆದರು. "ಕೈಗುಣ ಅನ್ನೋದು ಔಷಧ ಅಲ್ರಿ ಮೇಡಂ. ಖಾಲಿ ಆತು, ಬಳ್ಳಾರಿಗೆ ಬರದು ತರಸೋಣು ಅನ್ನಾಕ" ಎಂದರು, ನಲ್ಲಿಯ ಕಡೆಗೆ ಮುಖ ಮಾಡಿಕೊಂಡೇ.

ಮರುದಿನ ಅವರು ಬಂದಾಗ ಬಗಲಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಇಪ್ಪತ್ತೈದು ಮರಿ. ಎಲ್ಲಿಂದ ತಂದಿರಿ ಎಂದರೆ "ದಾವಣಗೆರಿ ಕಡೆ ನಮ್ಮವನೊಬ್ಬ ಅದಾನ" ಎಂದಷ್ಟೇ ಹೇಳಿದರು. ಇನ್ನೊಂದು ಬಗಲಲ್ಲಿ ಬಟ್ಟೆಯ ಚೀಲ. ಬಿಚ್ಚಿ ನೋಡಿದರೆ ಅವರ ಸೊಂಟದ ಪ್ಯಾಡು. ಮೆಡಿಕಲ್ ಅಂಗಡಿಯಲ್ಲಿ ನೋವಿಗೆ ಕೊಡುವ, ಕರೆಂಟಿಗೆ ಹಾಕಿದರೆ ಬಿಸಿಯಾಗುವ ಮೆತ್ತನೆಯ ಪ್ಯಾಡು, ಮೊಳಕ್ಕಿಂತ ತುಸು ಉದ್ದ. ಮಗಳು ಹಟ ಹಿಡಿದು ಕೊಡಿಸಿದ್ದು.

"ನಿಮ್ಮ ಸೊಂಟ?"

"ಸೊಂಟ ಎಲ್ಲಿ ಹೋಗತೈತ್ರಿ, ಇಲ್ಲೇ ಇರತೈತಿ."

ಹನುಮಕ್ಕನ ಮನೆಯ ಪಡಸಾಲೆಯಲ್ಲಿ ಸಂಘದ ಹೆಂಗಸರು ಕೂಡಿದರು. ಕಾಂಪೌಂಡರ್ ಕಂಬಕ್ಕೊರಗಿ ಕುಳಿತುಬಿಟ್ಟರು. "ನನಗ ಬಗ್ಗಾಕ ಆಗಂಗಿಲ್ಲ. ಮೇಡಂ ಮಾಡತಾರ" ಎಂದರು. ಅಂದು ಅವರಿಗೆ ಬಗ್ಗಲು ಬರುತ್ತಿತ್ತು, ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಗ್ಗಿದ್ದನ್ನು ನಾನು ನೋಡಿದ್ದೆ.

ನಾನು ಮಾಡಿದೆ, ಅವರು ಹೇಳಿದರು. ನೆಲಕ್ಕೆ ಮೂರು ಬೆರಳು ಶೇಂಗಾ ಹೊಟ್ಟು, ಅದರ ಮೇಲೆ ಹಳೆಯ ನೂಲಿನ ಸೀರೆ. "ಪೇಪರ್ ಬ್ಯಾಡ್ರಿ, ಮರಿ ಕಾಲು ಜಾರಿ ಸೊಟ್ಟ ಆಕ್ಕಾವ." ಸುತ್ತ ತಗಡು, ದುಂಡಗೆ. "ಮೂಲಿ ಇರಬಾರದು. ಮೂಲಿ ಇದ್ರ ಅಲ್ಲೇ ಹೋಗಿ ಒಂದನ್ನೊಂದು ತುಳದು ಸಾಯತಾವ." ತಂತಿಯ ಜಾಳಿಗೆಯನ್ನು ಗಾಡಿಯ ಕಮಾನಿನಂತೆ ಬಗ್ಗಿಸಿದೆವು, ಮುಂದೆ ನಾಲ್ಕು ಬೆರಳು ಎತ್ತರ, ಹಿಂದೆ ಎರಡೇ ಬೆರಳು. ಜಾಳಿಗೆಯ ಒಳಮೈಗೆ ಪ್ಯಾಡು ಕಟ್ಟಿ, ಹಿಕ್ಕೆ, ನೀರು ತಾಗದ ಹಾಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಕೆಳಗೆ ಅವರದೇ ಹಳೆಯ ಧೋತರದ ತುಂಡು, ಅಂಚು ಹೊಲಿದದ್ದು.

"ಧೋತರ ಯಾಕ್ರಿ, ನಮ್ಮ ಕಂಬಳಿ ಇಲ್ಲೇನು?" ಎಂದಳು ಒಬ್ಬ ಮುದುಕಿ.

"ಕಂಬಳಿ ಎಳಿ ಬಿಚ್ಚತೈತಬೇ ಯವ್ವಾ. ಮರಿ ಕಾಲಿಗೆ, ಕುತ್ತಿಗಿಗೆ ಸುತ್ಕೊಂತೈತಿ. ಕುರಿಮರಿಗೆ ಕಂಬಳಿ ದೇವರು, ಕೋಳಿಮರಿಗೆ ಉರುಲು."

ಆಮೇಲೆ ಅವರು ಹೇಳಿದ್ದು ನನ್ನ ಯಾವ ಪುಸ್ತಕದಲ್ಲೂ ಆಗ ಇರಲಿಲ್ಲ. "ಬಲ್ಬು ಮನಿ ಕಾಸತೈತಿ. ತಾಯಿ ಕೋಳಿ ಮನಿ ಕಾಸಂಗಿಲ್ಲ, ಬೆನ್ನು ಕಾಸತಾಳ. ಮರಿ ಬಂದು ಬೆನ್ನು ಹಚ್ಚಿ ಕುಂದರಬೇಕು, ಸಾಕಾತಂದ್ರ ಎದ್ದು ಹೊರಗ ಬರಬೇಕು. ಹೊರಗ ತಂಪಿರಬೇಕು. ನೀರು ಕಾಳು ಅಲ್ಲೇ ಇಡ್ರಿ, ದೂರ. ಯಾವಾಗ ಒಳಗ ಹೋಗಬೇಕು, ಯಾವಾಗ ಬರಬೇಕು ಅನ್ನೋದು ಅದಕ್ಕ ಗೊತ್ತೈತಿ. ನಮಗ ಗೊತ್ತಿಲ್ಲ."

ನೀರಿನ ತಟ್ಟೆಯಲ್ಲಿ ಮರಿ ಮುಳುಗದಂತೆ ಹಳ್ಳದ ಸಣ್ಣ ಕಲ್ಲು ಹರಡಿದೆ. ಕರೆಂಟು ಹೋದರೆ ಕಮಾನಿನ ಕೆಳಗೆ ಸರಿಸಲು ಗ್ಲೂಕೋಸಿನ ಖಾಲಿ ಗಾಜಿನ ಬಾಟಲಿಗಳಲ್ಲಿ ಹಂಡೆಯ ಬಿಸಿನೀರು ತುಂಬಿ, ಬಟ್ಟೆ ಸುತ್ತಿಟ್ಟೆವು. ಪ್ಯಾಡಿನ ಗುಂಡಿಯನ್ನು ನಡುವಿನ ಕಾವಿಗೆ ಇಟ್ಟಾಯಿತು. ಅದು ಬಿಸಿಯಾಗುವವರೆಗೆ ಮರಿ ಬಿಡುವಂತಿರಲಿಲ್ಲ. ಕಾವು ನೋಡುವುದಕ್ಕೆ ಮಾತ್ರ ಕಾಂಪೌಂಡರ್ ಮುಂದೆ ಸರಿದು ಅಂಗೈ ಹಿಂಭಾಗವನ್ನು ಪ್ಯಾಡಿಗೆ ಹಚ್ಚಿ ಕಣ್ಣು ಮುಚ್ಚಿದರು. ಮನಸ್ಸಿನಲ್ಲಿ ಒಂದು ವಚನ ಹೇಳಿ ಮುಗಿಸುವವರೆಗೆ ಕೈ ಸುಡದೆ ಇರಬೇಕು, ಅದು ಅವರ ಥರ್ಮಾಮೀಟರ್. ಯಾವ ವಚನ ಎಂದು ಆಮೇಲೆ ಕೇಳಿದ್ದಕ್ಕೆ "ಸಣ್ಣದು" ಎಂದಿದ್ದರು.

ಅಷ್ಟರಲ್ಲಿ ಕೆಂಚಮ್ಮ ಎದ್ದಳು. ಸಂಘದಲ್ಲಿ ಹನುಮಕ್ಕನಿಗೆ ಎದುರು ಮಾತಾಡುವ ಧೈರ್ಯ ಇದ್ದವಳು ಅವಳೊಬ್ಬಳೇ.

"ಎಲ್ಲಾ ಚೊಲೊ ಐತ್ರಿ ಕಂಪೌಂಡ್ರ. ಮತ್ತ ಇಕಿ ಮನ್ಯಾಗ ಯಾಕ? ಇಕಿ ಕೈಲೆ ಮರಿ ಬಿಡಸಬ್ಯಾಡ್ರಿ. ನಮ್ಮನಿಗೆ ಒಯ್ರಿ, ಇಲ್ಲಾ ಯಾರ ಮನಿಗಾದ್ರೂ ಒಯ್ರಿ."

ಯಾರೂ ಬೇಡವೆನ್ನಲಿಲ್ಲ. ಹನುಮಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ಕಾಂಪೌಂಡರ್ ನನ್ನ ಕಡೆ ನೋಡಲಿಲ್ಲ. ಪ್ಯಾಡಿನ ವೈರು ಸರಿಯಾಗಿದೆಯೋ ಇಲ್ಲವೋ ಎಂದು ಅದನ್ನೇ ಬೆರಳಲ್ಲಿ ಹಿಡಿದು ಉದ್ದಕ್ಕೂ ನೋಡುತ್ತ ಕುಳಿತರು. ಅವರು ನೋಡಿದ್ದರೆ ನಾನು ಹೇಳುತ್ತಿರಲಿಲ್ಲವೇನೋ. ನನ್ನ ಸ್ವಭಾವ ಅಂಥದ್ದು, ಯಾರಾದರೂ ಹಿಂದಿನಿಂದ ತಳ್ಳಿದರೆ ಕಾಲು ಊರಿ ನಿಲ್ಲುತ್ತೇನೆ.

"ತಪ್ಪು ಹನುಮಕ್ಕಂದಲ್ಲ, ನಂದು" ಎಂದೆ. "ಮರಿ ಚಳಿಗೆ ಸತ್ತಿಲ್ಲ, ಸೆಕೆಗೆ ಸತ್ತಾವೆ. ಕಂಬಳಿ ಹೊದಿಸಿದ್ದನ್ನ ನಾನು ಸಂಜೆನೇ ನೋಡಿದ್ದೆ. ತೆಗಿ ಅನ್ನಬೇಕಾದವಳು, ಚೆನ್ನಾಗೈತೆ ಅಂತ ಹೇಳಿ ಹೋದೆ. ಅವಳು ನನ್ನ ಮಾತು ಕೇಳಿದ್ಲು, ಅದಕ್ಕೇ ಸತ್ತವು. ಅವಳು ನಿದ್ದೆ ಮಾಡಿರ್ಲಿಲ್ಲ. ಇದು ನನಗೆ ಅವತ್ತೇ ಗೊತ್ತಾಗಿತ್ತು."

ನನಗೆ ಹೊರಗೆ ನಿಲ್ಲಿಸಿದ್ದ ಲೂನಾ ಹತ್ತಿ ದಾವಣಗೆರೆಯ ತನಕ ಓಡಿಹೋಗಬೇಕೆನಿಸಿತು.

ಹನುಮಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇದನ್ನ ಹೇಳಾಕ ಹದಿನೈದು ದಿನ ಹಿಡೀತೇನ್ರಿ ಡಾಕ್ಟ್ರಮ್ಮ?"

ಅವಳು ಸೆರಗಿನಿಂದ ಕೈ ಹೊರತೆಗೆದಳು.

"ಇರ್ಲಿ ಬಿಡ್ರಿ. ಮರಿ ಹಸದಾವ. ಮುಂದೇನು ಮಾಡೋದು, ಅದನ್ನ ಹೇಳ್ರಿ."

ಅವಳೇ ಪೆಟ್ಟಿಗೆ ಬಿಚ್ಚಿದಳು. ಒಂದೊಂದೇ ಮರಿ ಹಿಡಿದು, ಬೆಲ್ಲದ ನೀರಿಗೆ ಕೊಕ್ಕು ಅದ್ದಿ, ಕಮಾನಿನ ಬಾಯಲ್ಲಿ ಬಿಟ್ಟಳು. ಮೊದಲಿನವು ಒಳಗೆ ಹೋಗದೆ ಚೀಂಯ್‌ಗುಟ್ಟುತ್ತ ಅಲೆದವು. ನಾಲ್ಕನೆಯದೋ ಐದನೆಯದೋ ಧೋತರದ ಕೆಳಗೆ ನುಗ್ಗಿ, ಬೆನ್ನು ಹಚ್ಚಿ, ಕಾಲು ಮಡಿಸಿ ಕುಳಿತಿತು. ಅದರ ಹಿಂದೆ ಉಳಿದವು. ಸ್ವಲ್ಪ ಹೊತ್ತಿಗೆ ಒಂದು ಹೊರಬಂದು ನುಚ್ಚು ಕುಕ್ಕಿ, ಮತ್ತೆ ಒಳಗೆ ಹೋಯಿತು. ಹೆಂಗಸರು ನಕ್ಕರು. ಕೆಂಚಮ್ಮ ನಗಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ದಾರಿಯಲ್ಲಿ ನಾನು ಅವರನ್ನು ಕೇಳಿದೆ, ನಾನು ಹೇಳದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು. "ನಾ ಹೇಳತಿದ್ದೆ" ಎಂದರು. "ಆದ್ರ ನನ್ನ ಬಾಯಿಲೆ ಬಂದ್ರ ಆಕಿ ಕೈ ಅಷ್ಟೇ ಉಳೀತಿತ್ತು. ನಿಮ್ಮದು ಹೋಗತಿತ್ತು." ಆಗ ನನಗೆ ಈ ಮಾತು ಪೂರ್ತಿ ಅರ್ಥವಾಗಿರಲಿಲ್ಲ. ಈಗ ನನ್ನ ಕೈಕೆಳಗೆ ಹೊಸ ಡಾಕ್ಟರುಗಳು ಬಂದು ತಪ್ಪು ಮಾಡುವುದನ್ನು ನೋಡುವಾಗ ಅರ್ಥವಾಗುತ್ತದೆ. ಅವರ ಹಾಗೆ ವೈರು ಹಿಡಿದು ನೋಡುತ್ತ ಕೂರುವ ತಾಳ್ಮೆ ನನಗೆ ಹತ್ತರಲ್ಲಿ ಎರಡು ಸಲ ಬಂದರೆ ಹೆಚ್ಚು.

ಪ್ಯಾಡು ಮಾತ್ರ ಅವರ ಸೊಂಟಕ್ಕೆ ಮರಳಲಿಲ್ಲ. "ಕೋಳಿ ಮ್ಯಾಲಿದ್ದದ್ದನ್ನ ಕಟ್ಕೊಂಡು ಲಿಂಗಪೂಜಿಗೆ ಕುಂದರತೀರೇನು?" ಎಂದು ಅವರ ಮನೆಯವರು ಕೇಳಿದರಂತೆ. ನಾನು ಹೊಸದು ತಂದುಕೊಟ್ಟರೆ ತೆಗೆದುಕೊಳ್ಳಲಿಲ್ಲ. ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಬೆನ್ನಿಗಿಟ್ಟುಕೊಂಡು ಆ ಚಳಿಗಾಲ ಕಳೆದರು. ಅದನ್ನು ಯಾರಿಗೂ ತ್ಯಾಗ ಎಂದು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವಂಥದ್ದು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಮರಿಗಳಲ್ಲಿ ಒಂದು ಮೂರನೆಯ ದಿನ ಸತ್ತಿತು. ಅದು ಬರುವಾಗಲೇ ಬಡಕಲಾಗಿತ್ತು. ಉಳಿದವು ಬದುಕಿದವು. ವಾರಕ್ಕೊಮ್ಮೆ ಹೋಗಿ ಕಮಾನನ್ನು ಒಂದೊಂದು ಬೆರಳು ಎತ್ತರಿಸಿದೆವು, ಕಾವು ಇಳಿಸಿದೆವು. ಮರಿಗಳಿಗೆ ರೆಕ್ಕೆ ಮೂಡಿತು. ಒಳಗೆ ಕೂರುವ ಬದಲು ಕಮಾನಿನ ಮೇಲೆ ಹತ್ತಿ ಕೂರತೊಡಗಿದವು. "ಅಟ್ಟ ಹತ್ಯಾವ. ಇನ್ನು ತಾಯಿ ಬ್ಯಾಡ ಅವಕ್ಕ" ಎಂದರು ಕಾಂಪೌಂಡರ್. ಆದರೂ ಅವರ ಮುಖದಲ್ಲಿ ಗೆಲುವಿರಲಿಲ್ಲ. ಮರಿ ಬದುಕಿದ್ದನ್ನು ಊರು ನೋಡಿತ್ತು, ನನ್ನ ತಪ್ಪೊಪ್ಪಿಗೆಯನ್ನೂ ಕೇಳಿತ್ತು. ಆದರೆ ಇಷ್ಟು ದಿನವಾದರೂ ಒಬ್ಬರೂ ಹನುಮಕ್ಕನನ್ನು ಕುರಿ ಈಯಿಸಲು ಕರೆದಿರಲಿಲ್ಲ. ಕರೆದರೇ ಎಂದು ಪ್ರತಿ ಸಲವೂ ಅವರು ಕೇಳುತ್ತಿದ್ದರು, ಇಲ್ಲವೆಂದು ಅವಳು ತಲೆಯಾಡಿಸುತ್ತಿದ್ದಳು.

ನಾಲ್ಕನೆಯ ವಾರ ಬ್ರೂಡರ್ ಬಿಚ್ಚಲು ಹೋದೆವು. ಕಾಂಪೌಂಡರ್ ಹೊರಗಿನ ಕಟ್ಟೆಯ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು. ನಾನು ಪಕ್ಕದಲ್ಲಿ ಬ್ಯಾಗು ಇಟ್ಟುಕೊಂಡು ಕುಳಿತಿದ್ದೆ. ಓಣಿಯ ತುದಿಯಿಂದ ಕೆಂಚಮ್ಮ ದಾಪುಗಾಲು ಹಾಕುತ್ತ ಬಂದಳು. ಮೈಯೆಲ್ಲ ಬೆವರು, ಮೊಣಕೈವರೆಗೆ ಮಣ್ಣು. ಏನೋ ಕುರಿಯ ತೊಂದರೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ಬ್ಯಾಗಿಗೆ ಕೈ ಹಾಕಿ ಎದ್ದೆ.

ಕೆಂಚಮ್ಮ ನನ್ನ ಮುಂದೆಯೇ ಹಾದು, ಕಾಂಪೌಂಡರ್ ಮುಂದೆಯೇ ಹಾದು, ಹೊಸ್ತಿಲಲ್ಲಿ ನಿಂತು ಕೂಗಿದಳು.

"ಹನುಮಕ್ಕಾ! ಒಂದು ಕಾಲು ಹೊರಗ ಬಂದೈತಿ, ತಲಿ ಬರವಲ್ದು. ಲಗೂನ ಬಾರವ್ವಾ!"

ಕಾಂಪೌಂಡರ್ ನನ್ನ ಬ್ಯಾಗಿನ ಹಿಡಿಯ ಮೇಲೆ ಮೆಲ್ಲಗೆ ಕೈ ಇಟ್ಟರು.

"ಕುಂದರ್ರಿ ಮೇಡಂ. ನಮ್ಮನ್ನ ಕರದಿಲ್ಲ."

ಹನುಮಕ್ಕ ಹಂಡೆಯ ಬಿಸಿನೀರಲ್ಲಿ ಕೈ ತೊಳೆದು, ನಮ್ಮಿಬ್ಬರ ನಡುವಿನಿಂದಲೇ ಅವಸರವಾಗಿ ಇಳಿದು ಹೋದಳು. ನಾನು ಕುಳಿತೆ. ಡಾಕ್ಟರಾಗಿ ಏನೂ ಮಾಡದೆ ಅಷ್ಟು ಸಂತೋಷದಿಂದ ಕುಳಿತದ್ದು ನನ್ನ ನೌಕರಿಯಲ್ಲೇ ಅದೊಂದು ದಿನ.